ಕೊನೇ ಬೆಂಚಿಗೆ ಬಂದ ಲಾವಂಚ

ಶಮೀಮ್ ಟೀಚರಿಗೆ ಹಾಜರಿ ಕೂಗುವ ಅಗತ್ಯವೇ ಇರಲಿಲ್ಲ, ಅವರ ಮೂಗೊಂದೇ ಸಾಕಿತ್ತು. ತರಗತಿಯ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಆ ಉದ್ದನೆಯ ಮೂಗನ್ನು ಸ್ವಲ್ಪ ಮೇಲೆತ್ತಿ, ಯಾರ ಮನೆಯಲ್ಲಿ ಬೆಳಿಗ್ಗೆ ಹುರುಳಿ ಬೇಯಿಸಿದ್ದಾರೆ, ಯಾರು ನೆಗಡಿಗೆ ನೀಲಗಿರಿ ಎಣ್ಣೆ ಹಚ್ಚಿಕೊಂಡು ಬಂದಿದ್ದಾರೆ, ಯಾರ ಚೀಲದಲ್ಲಿ ಸೀಬೆಹಣ್ಣು ಅಡಗಿದೆ ಎಂದು ಹೇಳಿಬಿಡುತ್ತಿದ್ದರು. ಸೀಬೆಹಣ್ಣಿನವರ ಪಾಡು ಕೇಳಬೇಡಿ. ಮಧ್ಯಾಹ್ನ ಅದನ್ನು ಬೆಂಚಿನವರಿಗೆಲ್ಲ ಹಂಚಿ ತಿನ್ನಬೇಕಾಗುತ್ತಿತ್ತು. ಅಂಥ ಮೂಗನ್ನು ದೇವರು ಕೊಟ್ಟು, ಆಮೇಲೆ ವಾಪಸ್ಸು ಕಿತ್ತುಕೊಂಡನಲ್ಲ, ಅದು ನನಗೆ ಇವತ್ತಿಗೂ ನ್ಯಾಯ ಅನ್ನಿಸಿಲ್ಲ. ನ್ಯಾಯ ಅನ್ನಿಸುವುದೂ ಇಲ್ಲ.

ನಾನು ಓದಿದ್ದು ಯಗಟಿಯ ಹೈಸ್ಕೂಲಿನಲ್ಲಿ. ಟೀಚರ್ ಕಡೂರಿನಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಇಳಿಯುವಾಗ ಸೆರಗು ಒಂದು ಕಡೆ, ಚೀಲ ಒಂದು ಕಡೆ, ಮೂಗಿನ ಮೇಲಿನ ಕನ್ನಡಕ ಇನ್ನೊಂದು ಕಡೆ. ಒಂದು ದಿನ ಹಾಗೇ ನೇರ ತರಗತಿಗೆ ಬಂದು, ಏದುಸಿರು ಬಿಡುತ್ತಾ, ಘನ ಎಂದರೇನು ಎಂದು ಹೇಳಿದ್ದರು. "ಈಗ ಬಂದ್ನಲ್ಲ, ಆ ಬಸ್ಸೊಳಗೆ ನಾನು ಘನ ಕಣ್ರೋ. ಅಲ್ಲಾಡಬಹುದು, ಜಾಗ ಬಿಡೋಕಾಗಲ್ಲ. ಕಡೂರು ಸಂತೇಲಿ ನಾನು ದ್ರವ. ಒಬ್ಬರನ್ನೊಬ್ಬರು ಒರಸ್ಕೊಂಡು ಮುಂದಕ್ಕೆ ಹರೀಬಹುದು. ಸಾಯಂಕಾಲ ಗಂಟೆ ಹೊಡೀತಿದ್ದಂಗೆ ನೀವೆಲ್ಲ ಏನಾಗ್ತೀರ ಹೇಳಿ?" ನಾವೆಲ್ಲ ಒಟ್ಟಿಗೆ 'ಅನಿಲ' ಎಂದು ಕೂಗಿದೆವು. ದ್ರವ್ಯದ ಪಾಠ ನಮಗೆ ಅಲ್ಲಿಗೇ ಮುಕ್ಕಾಲು ಪಾಲು ಬಾಯಿಗೆ ಬಂದಿತ್ತು. ಉಳಿದ ಕಾಲು ಪಾಲಿಗೆ ಅವರು ತಮ್ಮ ಶೀಶೆ ತರುತ್ತಿದ್ದರು.

ಶೀಶೆಯ ವಿಷಯಕ್ಕೆ ಬರುವ ಮುಂಚೆ ಕುರಿಯ ವಿಷಯ ಹೇಳಬೇಕು. ನಮ್ಮ ತರಗತಿಯಲ್ಲಿ ಮೈಲಾರಿ ಎಂಬ ಹುಡುಗನಿದ್ದ. ಅವರ ಮನೆ ತುಂಬ ಕುರಿ. ಅವನು ಬೆಳಿಗ್ಗೆ ಹಟ್ಟಿ ಗುಡಿಸಿಯೇ ಸ್ಕೂಲಿಗೆ ಬರಬೇಕಿತ್ತು. ಒಂದು ದಿನ ಅವನ ಪಕ್ಕದವನು ಮೂಗು ಮುಚ್ಚಿಕೊಂಡು ದೂರ ಸರಿದು ಕೂತ, ನಾವೆಲ್ಲ ಕಿಸಕ್ಕನೆ ನಕ್ಕೆವು. ಟೀಚರ್ ಬೈಯಲಿಲ್ಲ. ಮೂಗು ಮುಚ್ಚಿದವನನ್ನು ಎದ್ದು ನಿಲ್ಲಿಸಿ, ಏನು ವಾಸನೆ ಎಂದು ಕೇಳಿದರು. ಅವನು ಕುರಿ ಎಂದ. "ವಾಸನೆ ಅಂದ್ರೆ ಏನು ಅಂದ್ಕೊಂಡಿದೀಯ? ಆ ವಸ್ತುವಿನ ಕಣಾನೇ ಹೊರಟು ಬಂದು ನಿನ್ನ ಮೂಗೊಳಗೆ ಕೂತ್ಕೊಳ್ಳೋದು. ಅವನ ಮೈ ಮೇಲಿರೋ ಕುರಿ ಸ್ನಾನ ಮಾಡಿದ್ರೆ ಹೋಗ್ತದೆ. ನಿನ್ನೊಳಗೆ ಹೋಗಿರೋ ಕುರೀನ ಏನ್ ಮಾಡ್ತೀಯಪ್ಪಾ?" ಆವತ್ತಿನಿಂದ ಮೈಲಾರಿಯ ತಂಟೆಗೆ ಯಾರೂ ಹೋಗಲಿಲ್ಲ. ಮೂಗು ಮುಚ್ಚಿದವನನ್ನು ಮಾತ್ರ ಹತ್ತನೇ ತರಗತಿ ಮುಗಿಯುವವರೆಗೂ ಕುರಿ ಎಂದೇ ಕರೆದೆವು.

ಶೀಶೆ ಹೆಬ್ಬೆರಳಿನಷ್ಟಿತ್ತು. ದಪ್ಪ ಗಾಜು, ಗಾಜಿನದೇ ಮುಚ್ಚಳ, ಒಳಗೆ ಹಸಿರು ಮಿಶ್ರಿತ ಕಂದು ಬಣ್ಣದ ಲಾವಂಚದ ಅತ್ತರು. ಅವರ ತಂದೆ ತರೀಕೆರೆಯಲ್ಲಿ ಅತ್ತರು, ಕಣ್ಣಿಗೆ ಹಚ್ಚುವ ಸುರ್ಮಾ, ಊದುಬತ್ತಿ ಮಾರುತ್ತಿದ್ದವರು. ತಂದೆಯನ್ನು ಅವರು ಅಬ್ಬಾ ಎನ್ನುತ್ತಿದ್ದರು. ಅಬ್ಬಾ ಲಾವಂಚದ ಅತ್ತರನ್ನು ಒಂದು ಚೂರು ಹತ್ತಿಗೆ ಸವರಿ ಕಿವಿಯ ಮಡಿಕೆಯಲ್ಲಿ ಇಟ್ಟುಕೊಳ್ಳುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಅಂಗಡಿ ಬೇರೆಯವರ ಕೈಗೆ ಹೋಯಿತು, ಟೀಚರ್ ಪಾಲಿಗೆ ಉಳಿದದ್ದು ಆ ಒಂದು ಶೀಶೆ. ಅದನ್ನು ಅವರು ಎಂದೂ ಮೈಗೆ ಹಚ್ಚಿಕೊಂಡವರಲ್ಲ. ವರ್ಷಕ್ಕೊಮ್ಮೆ, ಅನಿಲಗಳ ವಿಸರಣೆಯ ಪಾಠ ಬಂದಾಗ, ಕರವಸ್ತ್ರದಲ್ಲಿ ಸುತ್ತಿ ಯಗಟಿಗೆ ತರುತ್ತಿದ್ದರು.

ಆವತ್ತು ಕಿಟಕಿ ಬಾಗಿಲು ಎಲ್ಲ ಮುಚ್ಚಬೇಕು. ಮೇಜಿನ ಮೇಲೆ ಒಂದು ಚೂರು ಹತ್ತಿ. ಮುಚ್ಚಳಕ್ಕೆ ಅಂಟಿದ್ದಷ್ಟನ್ನೇ ಹತ್ತಿಗೆ ಸವರಿ, ಶೀಶೆ ಮುಚ್ಚಿ, ಕೈ ಕಟ್ಟಿ ನಿಲ್ಲುತ್ತಿದ್ದರು. ನಿಯಮ ಒಂದೇ. "ನಿಮ್ಮ ಮೂಗಿಗೆ ಬಂದ್ಮೇಲೆ ಕೈ ಎತ್ತಿ, ಬಂತು ಟೀಚರ್ ಅನ್ನಿ. ಬರೋಕೆ ಮುಂಚೆ ಎತ್ತಬೇಡಿ. ಲಾವಂಚ ಸೋಮಾರಿ. ಕರ್ಪೂರದಂಗೆ ಓಡಿ ಬರಲ್ಲ, ನಡ್ಕೊಂಡು ಬರ್ತದೆ. ಕಾಯ್ರಿ." ಮೊದಲ ಬೆಂಚಿನಲ್ಲಿ ಕೈ ಏಳುತ್ತಿತ್ತು, ಆಮೇಲೆ ಎರಡನೆಯದರಲ್ಲಿ. ನಾನು ಎತ್ತರದ ಹುಡುಗಿಯಾದ್ದರಿಂದ ನನಗೆ ಯಾವಾಗಲೂ ಕೊನೇ ಬೆಂಚೇ ಗತಿ. ನಮ್ಮ ತರಗತಿಯ ಸರದಿ ಬಂದ ದಿನ ಕಾದು ಕಾದು, ಇನ್ನು ಬರುವುದೇ ಇಲ್ಲ ಎನ್ನುವಾಗ, ಹೊಸ ಮಡಕೆಗೆ ನೀರು ಹೊಯ್ದಂಥ ಒಂದು ತಂಪು ವಾಸನೆ ಮೂಗಿಗೆ ತಾಗಿತು. ನಾನು ಕೈ ಎತ್ತಿದೆ. ಟೀಚರ್ ನಮ್ಮನ್ನು ನೋಡುತ್ತಿರಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದರು. ವಿಸರಣೆ ನಮಗೆ, ಅಬ್ಬಾ ಅವರಿಗೆ. ಅದು ಆಗ ನನಗೆ ತಿಳಿಯುವ ವಯಸ್ಸಲ್ಲ.

ಮಾರನೆಯ ದಿನ ಇನ್ನೊಂದು ಶೀಶೆ ತಂದರು. ಇದು ಬಹಳ ನವಿರಾದ ಅತ್ತರು, ಮೂಗು ಚುರುಕಾಗಿರುವವರಿಗೆ ಮಾತ್ರ ಸಿಗುತ್ತದೆ ಎಂದರು. ಮತ್ತೆ ಹತ್ತಿ, ಮತ್ತೆ ಕೈ ಕಟ್ಟಿ ನಿಂತರು. ಮೊದಲ ಬೆಂಚಿನಲ್ಲಿ ಒಂದು ಕೈ, ಅದನ್ನು ನೋಡಿ ಇನ್ನೊಂದು, ಹಿಂದಕ್ಕೆ ಹಿಂದಕ್ಕೆ ಕೈಗಳು ಏಳುತ್ತಾ ಬಂದವು. ನಾನು ಬಿಡುತ್ತೇನೆಯೇ? ಎದ್ದು ನಿಂತು, ಬಂತು ಟೀಚರ್, ಮಲ್ಲಿಗೆದು ಎಂದೆ. ಟೀಚರ್ ಶೀಶೆ ಎತ್ತಿ ಗಟಗಟ ಕುಡಿದುಬಿಟ್ಟರು. ನಮ್ಮ ಸ್ಕೂಲಿನ ಬೋರ್‌ವೆಲ್ ನೀರು! ಇಡೀ ತರಗತಿಯಲ್ಲಿ ಕೈ ಎತ್ತದೆ ಕೂತವನು ಮೈಲಾರಿ ಒಬ್ಬನೇ. ನಂಗೇನೂ ಬರ್ಲಿಲ್ಲ ಟೀಚರ್ ಎಂದು ಅಳುವ ಮುಖ ಮಾಡಿಕೊಂಡಿದ್ದ. ಟೀಚರ್ ಅವನ ತಲೆ ಸವರಿದರು. "ಇವನೊಬ್ಬನ ಮೂಗು ಇವನ ಹತ್ರಾನೇ ಇದೆ. ಮಿಕ್ಕಿದವ್ರೆಲ್ಲ ಮುಂದಿನ ಬೆಂಚಿನವ್ರ ಮೂಗಲ್ಲಿ ಮೂಸ್ತಾ ಇದೀರ. ಬರದೇ ಇರೋ ವಾಸನೆಗೆ ಜನ್ಮದಲ್ಲಿ ಕೈ ಎತ್ತಬೇಡಿ." ಮಲ್ಲಿಗೆ ಎಂಬ ಅಡ್ಡಹೆಸರು ನನಗೆ ಬಂದದ್ದು ಹೀಗೆ. ನಿಜವಾದ ಹೆಸರು ಗಿರಿಜಾ, ಯಾರಿಗೆ ನೆನಪಿದೆಯೋ ಏನೋ.

ನನ್ನನ್ನು ಕಡೂರಿಗೇ ಮದುವೆ ಮಾಡಿಕೊಟ್ಟರು. ನಮ್ಮದು ಕೊಬ್ಬರಿ ಎಣ್ಣೆ ಗಾಣ. ಟೀಚರ್ ಮನೆ ಅಲ್ಲೇ ಎರಡು ಬೀದಿ ಆಚೆ, ತಂಗಿ ಜುಬೇದಾ ಜೊತೆ ಇದ್ದರು. ಟೀಚರ್ ಮದುವೆಯಾಗಿರಲಿಲ್ಲ, ಜುಬೇದಾಗೆ ಗಂಡ ತೀರಿಹೋಗಿದ್ದ. ಜುಬೇದಾ ಬ್ಲೌಸ್ ಹೊಲಿಯುತ್ತಿದ್ದರು. ಟೀಚರ್ ನಿವೃತ್ತಿಯಾದ ಮೇಲೆ ಸಾಯಂಕಾಲ ನಮ್ಮ ಗಾಣದ ಮುಂದಿನ ಬೆಂಚಿನ ಮೇಲೆ ಬಂದು ಕೂರುವುದು ರೂಢಿಯಾಯಿತು. ಚಳಿಗಾಲ ಬಂತೆಂದರೆ ನನಗೆ ಜಗಳದ ಕಾಲ. ಎಣ್ಣೆ ಡಬ್ಬಿಯಲ್ಲಿ ಬೆಳ್ಳಗೆ ಗಟ್ಟಿಯಾಗಿರುತ್ತದೆ, ಗಿರಾಕಿಗಳು ಬಂದು, ಏನಮ್ಮ ವನಸ್ಪತಿ ಬೆರೆಸಿದೀಯ ಎನ್ನುತ್ತಾರೆ. ನನಗೋ ಮೂಗಿನ ತುದಿಯಲ್ಲಿ ಕೋಪ. ಟೀಚರ್ ಕೂತಲ್ಲಿಂದಲೇ ನನ್ನನ್ನು ಸುಮ್ಮನಿರಿಸಿ, ಗಟ್ಟಿ ಆಗ್ದೇ ಇದ್ರೆ ಅನುಮಾನ ಪಡ್ರಿ, ಗಟ್ಟಿ ಆದ್ರೆ ಬಿಸಿಲಲ್ಲಿಡ್ರಿ ಎಂದು ಎರಡೇ ಮಾತಿನಲ್ಲಿ ಕಳಿಸಿಬಿಡುತ್ತಿದ್ದರು. ಹೋಗುವ ಮುಂಚೆ ಹೊಸ ಎಣ್ಣೆಯನ್ನು ಅಂಗೈಗೆ ಹಾಕಿಸಿಕೊಂಡು ಮೂಸಿ, ಇವತ್ತಿನ ಕೊಬ್ಬರಿಗೆ ಹೊಗೆ ಜಾಸ್ತಿ ಆಗಿದೆ ನೋಡು ಎಂದರೆ ಅದು ಜಾಸ್ತಿಯೇ ಆಗಿರುತ್ತಿತ್ತು.

ಆಮೇಲೆ ಕೊರೊನಾ ಬಂತು. ಟೀಚರೂ ಮಲಗಿದರು, ಎದ್ದರು. ನಾವು ದೇವರು ದೊಡ್ಡವನು ಎಂದುಕೊಂಡೆವು. ಮತ್ತೆ ಬೆಂಚಿನ ಮೇಲೆ ಬಂದು ಕೂರತೊಡಗಿದರು, ಎಣ್ಣೆಯನ್ನು ಅಂಗೈಗೆ ಹಾಕಿಸಿಕೊಂಡು ಚೆನ್ನಾಗಿದೆ ಎನ್ನತೊಡಗಿದರು. ದಿನಾ ಚೆನ್ನಾಗಿದೆ. ಹೊಗೆ ಹಿಡಿದ ದಿನವೂ ಚೆನ್ನಾಗಿದೆ. ವಯಸ್ಸಾಯಿತು, ಬಾಯಿ ಮೆತ್ತಗಾಗಿದೆ ಎಂದುಕೊಂಡೆ. ನನ್ನ ಬುದ್ಧಿ ಅಷ್ಟೇ ಓಡಿದ್ದು.

ಒಂದು ಮಧ್ಯಾಹ್ನ ಎಣ್ಣೆ ಡಬ್ಬಿ ಕೊಡಲು ಅವರ ಮನೆಗೆ ಹೋದೆ. ಬಾಗಿಲು ದಾಟಿದ್ದೇ ಗ್ಯಾಸಿನ ನಾತ ಗಪ್ಪನೆ ಬಡಿಯಿತು. ಅಡುಗೆಮನೆಗೆ ಓಡಿದರೆ, ಒಲೆಯ ಮೇಲೆ ಹಾಲು ಉಕ್ಕಿ ಉರಿ ಆರಿಹೋಗಿದೆ, ಗ್ಯಾಸು ಬುಸ್ಸೆನ್ನುತ್ತಿದೆ, ಟೀಚರ್ ಒಲೆಗೆ ಬೆನ್ನು ಮಾಡಿ ಕೂತು ತಣ್ಣಗೆ ಸೊಪ್ಪು ಸೋಸುತ್ತಿದ್ದಾರೆ. ನಾನು ಗ್ಯಾಸು ಬಂದ್ ಮಾಡಿ, ಕಿಟಕಿ ತೆಗೆದು, ಅವರ ರಟ್ಟೆ ಹಿಡಿದು ಹಿತ್ತಿಲಿಗೆ ಎಳೆದುಕೊಂಡು ಹೋದೆ. ಟೀಚರ್ ಎನ್ನುವುದನ್ನೂ ಮರೆತು ಬಾಯಿಗೆ ಬಂದ ಹಾಗೆ ಕೂಗಾಡಿದೆ. ಮೂಗು ಎಲ್ಲಿಟ್ಟಿದ್ರಿ ಎಂದೂ ಅಂದುಬಿಟ್ಟೆ. ಅವರು ಸೊಪ್ಪಿನ ಕಟ್ಟನ್ನು ಕೈಯಲ್ಲೇ ಹಿಡಿದುಕೊಂಡಿದ್ದರು.

"ಗ್ಯಾಸಿಗೆ ತನ್ನದು ಅಂತ ವಾಸನೆ ಇಲ್ಲ ಕಣೇ. ಜನ ಎಚ್ಚರ ಆಗ್ಲಿ ಅಂತ ನಾತ ಬೆರೆಸಿ ಕಳಿಸ್ತಾರೆ. ನಾನೇ ಅಲ್ವಾ ಹೇಳ್ಕೊಟ್ಟಿದ್ದು? ಆ ಜನದಲ್ಲಿ ನಾನೀಗ ಇಲ್ಲ."

ಜ್ವರ ಬಿಟ್ಟಾಗಿನಿಂದ ಒಂದು ವಾಸನೆಯೂ ತಿಳಿಯುತ್ತಿಲ್ಲ ಎಂಬುದನ್ನು ಆಗ ಹೇಳಿದರು. ಎಲ್ಲರಿಗೂ ವಾಪಸ್ಸು ಬಂತು, ತನಗೂ ಬರುತ್ತದೆ ಎಂದು ಕಾದಿದ್ದರಂತೆ. ತಂಗಿಗೂ ಹೇಳಿರಲಿಲ್ಲ. ಹೇಳಿದರೆ ಅವಳು ಅಡುಗೆ ಮಾಡುವ ಹುರುಪನ್ನೇ ಬಿಟ್ಟುಬಿಡುತ್ತಾಳೆ ಎಂಬ ಭಯ. "ಅವಳು ಬಿರಿಯಾನಿ ದಮ್ ತೆಗೆದಾಗೆಲ್ಲ ವಾಹ್ ಅಂತೀನಿ. ನೀವು ನೀರಿಗೆ ಕೈ ಎತ್ತಿದ್ರಲ್ಲ, ಹಾಗೆ. ನಿಮಗೆ ಬೇಡ ಅಂದು ನಾನು ದಿನಾ ಕೈ ಎತ್ತುತ್ತಾ ಇದೀನಿ ಗಿರಿಜಾ." ಅವರು ನನ್ನನ್ನು ಮಲ್ಲಿಗೆ ಎನ್ನದೆ ಗಿರಿಜಾ ಎಂದದ್ದು ಕೇಳಿ ನಾನು ಕೂಗಾಟ ಬಿಟ್ಟು, ಸೊಪ್ಪಿನ ಕಟ್ಟು ಇಸಿದುಕೊಂಡು ಅವರ ಪಕ್ಕ ಕೂತೆ.

ಆ ಸಂಜೆ ಅವರೇ ಜುಬೇದಾಗೆ ಹೇಳಿದರು. ಜುಬೇದಾಗೆ ಮೂಗು ಹೋದದ್ದಕ್ಕಿಂತ ಆ ಸುಳ್ಳು ವಾಹ್‌ಗಳೇ ಹೆಚ್ಚು ನೋವು ಮಾಡಿದವು. ಸ್ವಲ್ಪ ದಿನ ಅಕ್ಕನ ಜೊತೆ ಮಾತೇ ಬಿಟ್ಟಿದ್ದರು. ಆಮೇಲೆ ಇಬ್ಬರೂ ಚಿಕ್ಕಮಗಳೂರಿಗೆ ಹೋಗಿ ಡಾಕ್ಟರಿಗೆ ತೋರಿಸಿ ಬಂದರು. ದಿನಾ ಬೆಳಿಗ್ಗೆ ಲವಂಗ, ನಿಂಬೆಸಿಪ್ಪೆ, ಇಂಥವನ್ನು ಮೂಸಿ, ಅವುಗಳ ವಾಸನೆಯನ್ನು ನೆನಪು ಮಾಡಿಕೊಳ್ಳಿ, ಒಂದು ದಿನ ಬರಬಹುದು ಎಂದರಂತೆ ಡಾಕ್ಟರು. ಟೀಚರ್ ಕಿಟಕಿಯ ಮೇಲೆ ಸಣ್ಣ ಡಬ್ಬಿಗಳನ್ನು ಸಾಲಾಗಿ ಜೋಡಿಸಿ ಪ್ರಯೋಗ ಶುರುಮಾಡಿದರು. ಮೂಸಿ, ಕಣ್ಣು ಮುಚ್ಚಿ, ಕಾದು, ಮುಂದಿನ ಡಬ್ಬಿ. ಒಂದು ಬೆಳಿಗ್ಗೆ ಗಾಣಕ್ಕೆ ಹುಡುಕಿಕೊಂಡು ಬಂದು, ಲವಂಗಕ್ಕೆ ಮೂಗು ಚುರುಕ್ ಅಂತು ಕಣೇ ಎಂದರು. ನಾನು ಕುಣಿಯುವುದೊಂದು ಬಾಕಿ. ಸಂಜೆ ಬಂದಾಗ ಮುಖ ಸಪ್ಪಗಿತ್ತು. ಚುರುಕ್ ಎನ್ನುವುದು ವಾಸನೆಯಲ್ಲ, ಖಾರ, ಅದನ್ನು ತಿಳಿಸುವ ನರವೇ ಬೇರೆ ಎಂದು ಓದಿಕೊಂಡು ಬಂದಿದ್ದರು. ತಮಗೆ ತಾವೇ ಹೇಳಿಕೊಳ್ಳುವ ಒಂದು ಸಣ್ಣ ಸುಳ್ಳಿಗಾದರೂ ಅವರು ಜಾಗ ಕೊಡಬಾರದಿತ್ತೇ, ಎಂದು ನನಗೆ ಸಿಟ್ಟೇ ಬಂತು.

ಡಬ್ಬಿಗಳ ಸಾಲಿನಲ್ಲಿ ಅಬ್ಬಾನ ಶೀಶೆ ಮಾತ್ರ ಇರಲಿಲ್ಲ. ಅದು ಬೀರುವಿನಲ್ಲೇ, ಕರವಸ್ತ್ರದೊಳಗೆ. ಉಳಿದವು ಬಂದ್ಮೇಲೆ ಅದನ್ನ ತೆಗೀತೀನಿ ಎನ್ನುತ್ತಿದ್ದರು. ಒಂದು ಸಲ ತೋರಿಸಿದರು. ನಾನು ಸ್ಕೂಲಿನಲ್ಲಿ ನೋಡಿದಾಗ ಅರ್ಧ ಇದ್ದದ್ದು ಈಗ ತಳಕ್ಕೆ ಹೋಗಿತ್ತು, ಉಗುರಿನ ಅಗಲದಷ್ಟೇ ಉಳಿದಿತ್ತು. ಮುಚ್ಚಿಟ್ಟ ಶೀಶೆಯಿಂದಲೂ ಕಣ ಕಣವಾಗಿ ಹೋಗುತ್ತಲೇ ಇರುತ್ತದೆ ಎಂದು ಕಲಿಸಿದ್ದು ಯಾರು ಟೀಚರ್, ಖಾಲಿಯಾದ ಮೇಲೆ ಮೂಗು ಬಂದರೆ ಏನು ಮೂಸುತ್ತೀರಿ ಎಂದು ದಬಾಯಿಸಿದೆ. ಅವರು ಶೀಶೆಯನ್ನು ಕರವಸ್ತ್ರದಲ್ಲಿ ಮತ್ತೆ ಸುತ್ತಿದರು.

"ತೆಗೆದು, ಅದೂ ಬರ್ಲಿಲ್ಲ ಅಂದ್ರೆ, ಆಮೇಲೆ ನಾನು ಯಾವುದಕ್ಕೆ ಕಾಯ್ಲಿ?"

ನಾನೇ ಶೀಶೆಯನ್ನು ಇಸಿದುಕೊಂಡು ಬೀರುವಿನೊಳಗೆ ಇಟ್ಟೆ. ಜಗಳದಲ್ಲಿ ನಾನು ಹಾಗೆ ಸೋತದ್ದು ಅಪರೂಪ, ಬೇಕಾದರೆ ನಮ್ಮ ಯಜಮಾನರನ್ನು ಕೇಳಿ. ಅಬ್ಬಾನ ಫೋಟೋ ಒಂದೂ ಇರಲಿಲ್ಲ ಅವರಲ್ಲಿ. ದನಿ ಮರೆತುಹೋಗಿದೆ ಎಂದಿದ್ದರು. ಉಳಿದದ್ದು ಶೀಶೆಯ ತಳದಲ್ಲಿದ್ದಷ್ಟೇ, ಅದು ದಿನಾ ಇಳಿಯುತ್ತಿತ್ತು, ಅವರ ಮೂಗು ಬರುತ್ತಿರಲಿಲ್ಲ.

ಕಾರ್ತಿಕ ಮಾಸದಲ್ಲಿ ಒಂದು ಸಂಜೆ ಅವರೇ ಹೇಳಿ ಕಳಿಸಿದರು. ಹೋದಾಗ ಶೀಶೆ ಮೇಜಿನ ಮೇಲಿತ್ತು, ಪಕ್ಕದಲ್ಲಿ ಹತ್ತಿ. ತಳದಲ್ಲಿ ಒಂದು ಗೆರೆಯಷ್ಟು ಮಾತ್ರ ಉಳಿದಿತ್ತು. ಇನ್ನು ಕಾದರೆ ಪ್ರಯೋಗಕ್ಕೇ ಇರಲ್ಲ, ಇವತ್ತು ನೀನು ಟೀಚರ್ ಎಂದರು. ಕಿಟಕಿ ಮುಚ್ಚಿಸಿದರು. ತಾವು ಕೋಣೆಯ ಕೊನೆಯಲ್ಲಿ ಕುರ್ಚಿ ಹಾಕಿಕೊಂಡು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರು. ಜುಬೇದಾ ಮೂಲೆಯಲ್ಲಿ ಹೊಲಿಗೆ ಮಿಷನ್ ತುಳಿಯುತ್ತಿದ್ದರು. ನಾನು ಮುಚ್ಚಳ ತೆಗೆದು ಹತ್ತಿಗೆ ಸವರಿದೆ. ಅವರ ಹಾಗೇ ಕೈ ಕಟ್ಟಿ ನಿಂತೆ.

ಮೊದಲು ನನಗೆ ಬಂತು. ಅದೇ ಮಡಕೆಯ ತಂಪು. ಯಗಟಿಯ ಕೊನೇ ಬೆಂಚು, ಮೈಲಾರಿ, ಬಸ್ಸಿನ ಧೂಳು, ಎಲ್ಲ ಒಟ್ಟಿಗೆ ಬಂದವು. ಟೀಚರ್ ಕೈ ಮಡಿಲಲ್ಲೇ ಇತ್ತು. ಸ್ವಲ್ಪ ಹೊತ್ತಿಗೆ ಮಿಷನ್ ಸದ್ದು ನಿಂತಿತು. ಜುಬೇದಾ ತಲೆ ಎತ್ತಿ ಬಾಗಿಲ ಕಡೆ ನೋಡಿದರು, ಯಾರೋ ಒಳಗೆ ಬಂದರೇನೋ ಎನ್ನುವ ಹಾಗೆ. ಅಬ್ಬಾ ಎಂದರು, ಬಹಳ ಮೆಲ್ಲಗೆ. ಹೊಲಿಯುತ್ತಿದ್ದ ಬಟ್ಟೆಯಲ್ಲೇ ಮುಖ ಮುಚ್ಚಿಕೊಂಡು ಅಳತೊಡಗಿದರು. ಟೀಚರ್ ಕೈ ಆಗಲೂ ಮಡಿಲಲ್ಲೇ ಇತ್ತು. ನಾನು ಮನಸ್ಸಿನಲ್ಲೇ ಎತ್ತಿ ಟೀಚರ್, ಎತ್ತಿ ಎಂದು ಬೇಡಿಕೊಂಡೆ. ಸುಳ್ಳಿಗಾದರೂ ಎತ್ತಲಿ ಎನ್ನಿಸಿತು. ಕತ್ತಲಾಗುತ್ತಾ ಬಂತು. ಕೊನೆಗೆ ಕಣ್ಣು ತೆರೆದರು.

"ಇಲ್ಲ ಕಣೇ. ಬರ್ಲಿಲ್ಲ."

ಎದ್ದು ಹೋಗಿ ತಂಗಿಯ ಪಕ್ಕ ಕೂತರು, ಅವರ ತಲೆಯನ್ನು ಎದೆಗೆ ಒರಗಿಸಿಕೊಂಡರು. ಜುಬೇದಾ ತಮ್ಮ ಭಾಷೆಯಲ್ಲಿ ಏನೋ ಹೇಳುತ್ತಾ ಹೋದರು. ಅಂಗಡಿ, ಟೋಪಿ, ಕಿವಿಯ ಹತ್ತಿ, ಅಷ್ಟು ನನಗೆ ಅರ್ಥವಾಯಿತು. ಟೀಚರ್ ಒಂದೊಂದಕ್ಕೂ ತಲೆಯಾಡಿಸುತ್ತಾ ಕೇಳಿಸಿಕೊಂಡರು. ಎಷ್ಟೋ ಹೊತ್ತಿನ ಮೇಲೆ ನನ್ನ ಕಡೆ ತಿರುಗಿ, ಇವಳಿಗೆ ಬಂತಲ್ಲ ಸಾಕು, ಶೀಶೆ ಮುಚ್ಚು, ಉಳಿದಿದ್ದು ಇರ್ಲಿ ಎಂದರು. ನಾನು ಮುಚ್ಚಿ ಮನೆಗೆ ಬಂದೆ. ದಾರಿಯುದ್ದಕ್ಕೂ ಅತ್ತೆ. ಯಾರಾದರೂ ನೋಡಲಿ ಎಂದೇ ಅತ್ತೆ.

ಮರುದಿನ ಕಿಟಕಿಯ ಮೇಲಿನ ಡಬ್ಬಿಗಳು ಇರಲಿಲ್ಲ. ಆಮೇಲೆ ಅವರು ಗಾಣಕ್ಕೆ ಬಂದರೂ ಅಂಗೈಗೆ ಎಣ್ಣೆ ಹಾಕಿಸಿಕೊಳ್ಳಲಿಲ್ಲ. ಎಣ್ಣೆ ಹೇಗಿದೆ ಎಂದು ನನ್ನನ್ನೇ ಕೇಳುತ್ತಿದ್ದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೆ.

ಅವರು ಹೋದದ್ದು ಚಳಿ ಕೊರೆಯುತ್ತಿದ್ದ ಒಂದು ಬೆಳಿಗ್ಗೆ. ಡಬ್ಬಿಗಳಲ್ಲಿ ಎಣ್ಣೆ ಕಲ್ಲಾಗಿತ್ತು, ನಾನು ಅವನ್ನು ಬಿಸಿಲಿಗೆ ಇಡುತ್ತಿದ್ದೆ. ಜುಬೇದಾ ಫೋನು ಬಂತು. ಬೆಳಗಿನ ನಮಾಜಿಗೆ ಎದ್ದವರು ಎದೆ ನೋವು ಎಂದು ಮಲಗಿ, ಮತ್ತೆ ಏಳಲಿಲ್ಲವಂತೆ.

ನಾನು ಹೋಗುವ ಹೊತ್ತಿಗೆ ಗಂಡಸರು ಬೀದಿಯಲ್ಲಿ ನಿಂತಿದ್ದರು. ಒಳಗೆ ನಡುಮನೆಯ ತುಂಬ ಹೆಂಗಸರು, ಭುಜಕ್ಕೆ ಭುಜ ತಾಗಿ ಕೂತಿದ್ದರು. ನನಗೆ ಸಿಕ್ಕಿದ್ದು ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕ. ಒಳಗಿನ ಕೋಣೆಗೆ ಪರದೆ ಕಟ್ಟಿ ಟೀಚರಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದರು, ಜುಬೇದಾ ಅಲ್ಲೇ ಇದ್ದರು. ನೀರಿನ ಸದ್ದು ನಿಂತಿತು. ಪರದೆಯ ಆಚೆಯಿಂದ, ಸ್ನಾನವಾದ ಮೇಲೆ ಮೈಗೆ ಹಚ್ಚುವ ಕರ್ಪೂರದ ವಾಸನೆ ಬಂತು, ಓಡಿಕೊಂಡು. ಕರ್ಪೂರ ಘನದಿಂದ ನೇರ ಅನಿಲವಾಗುತ್ತದೆ, ನಡುವೆ ನೀರಾಗುವುದಿಲ್ಲ ಎಂದು ಅವರು ಕಲಿಸಿದ್ದು ನೆನಪಾಯಿತು. ಅಂಥ ಹೊತ್ತಿನಲ್ಲಿ ಇಂಥದ್ದು ಯಾಕೆ ನೆನಪಾಗುತ್ತದೋ.

ಆಮೇಲೆ ಪರದೆಯ ಹತ್ತಿರ ಕೂತಿದ್ದ ಒಬ್ಬ ಮುದುಕಿ ತಲೆ ಎತ್ತಿದರು. ಅವರ ಹಿಂದಿನವರು ಸೆರಗನ್ನು ಮೂಗಿನಿಂದ ಸರಿಸಿದರು. ಅದರ ಹಿಂದಿನ ಸಾಲಿನಲ್ಲಿ ಯಾರೋ ಉದ್ದಕ್ಕೆ ಉಸಿರೆಳೆದುಕೊಂಡರು. ಜುಬೇದಾ ಶೀಶೆ ತೆಗೆದಿದ್ದಾರೆ ಎಂದು ನನಗೆ ಆಗ ತಿಳಿಯಿತು. ಅಕ್ಕನಿಗೆ ಹೊದಿಸುವ ಬಿಳಿ ಬಟ್ಟೆಗೆ ಉಳಿದದ್ದನ್ನೆಲ್ಲ ಸವರುತ್ತಿದ್ದಾರೆ. ಮುಂದಿನವರ ಮುಖ ನೋಡಿ ನಾನು ಕೈ ಎತ್ತಲಿಲ್ಲ. ಕಾದೆ. ಅದು ನಡೆದುಕೊಂಡೇ ಬಂತು, ಹೆಂಗಸರನ್ನು ಒಬ್ಬೊಬ್ಬರನ್ನಾಗಿ ದಾಟಿ, ಚಪ್ಪಲಿಗಳವರೆಗೆ. ಹೊಸ ಮಡಕೆಗೆ ನೀರು ಹೊಯ್ದಂಥ ತಂಪು. ವಸ್ತುವಿನ ಕಣವೇ ಹೊರಟು ಬಂದು ನಮ್ಮೊಳಗೆ ಕೂರುತ್ತದೆ ಎಂದವರು ಅವರೇ.

ನನ್ನ ಕೈ ಮೇಲಕ್ಕೆ ಹೋಗಿತ್ತು. ಪಕ್ಕದ ಹೆಂಗಸು ನನ್ನ ಮೊಣಕಾಲು ಮುಟ್ಟಿ, ಏನಮ್ಮಾ, ನೀರು ಬೇಕಾ ಎಂದು ಕೇಳಿದರು. ನಾನು ಪರದೆಯ ಕಡೆಗೇ ನೋಡುತ್ತಿದ್ದೆ.

"ಬಂತು ಟೀಚರ್" ಎಂದೆ.